ಹನ್ನೆರಡು ತಲೆ, ನಾಲ್ಕು ಸಾಮಾನು

ಜನವರಿ 2, ಮಂಗಳವಾರ

ಬಂದರು ಕಚೇರಿಯವರು ಈ ವರ್ಷ ದೋಣಿ ಹತ್ತುವವರ ಪಟ್ಟಿ ಪುಸ್ತಕ ಒಂದರ ಬದಲು ಎರಡು ಕಳಿಸಿದ್ದಾರೆ. ವಾಪಸು ಕಳಿಸಬೇಕೆಂದರೆ ಮೂರು ಪತ್ರ ಬರೆಯಬೇಕು. ಅದರ ಬದಲು ಇದರಲ್ಲಿ ನಾನೇ ಏನಾದರೂ ಗೀಚಿಕೊಳ್ಳುತ್ತೇನೆ. ಇಪ್ಪತ್ತಾರು ವರ್ಷ ಊರವರ ಹೆಸರು ಬರೆದದ್ದಾಯಿತು, ಇನ್ನು ನನ್ನವೂ ನಾಲ್ಕು ಮಾತು ಇರಲಿ.

ಇಂದು ಅಕ್ಕನ ಆಸ್ಪತ್ರೆ ದಿನ. ಅವಳಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷವಾಯಿತು, ಎಡಗಾಲು ಇನ್ನೂ ಮಾತು ಕೇಳುವುದಿಲ್ಲ. ಮಂಗಳವಾರಕ್ಕೊಮ್ಮೆ ಕೊಲ್ಲಿಯ ಆಚೆ ದಡದ ಆಸ್ಪತ್ರೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿಕೊಂಡು ಬರುತ್ತಾಳೆ. ದೋಣಿಯಲ್ಲಿ ಮುಕ್ಕಾಲು ಗಂಟೆ. ನಮ್ಮದು ಹೆಸರಿಗೆ ಬಂದರು. ಕಟ್ಟೆಯಿಲ್ಲ, ಮೆಟ್ಟಿಲಿಲ್ಲ, ಎಲ್ಲ ಮರಳೇ. ಆಚೆ ದಡದ್ದೂ ಇದೇ ಪಾಡು. ಜನ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿಗಿಳಿಯುತ್ತಾರೆ. ಚುಕ್ಕಾಣಿ ಹಿಡಿಯುವ ಉದ್ದಣ್ಣ ಎರಡು ಅಲೆಗಳ ನಡುವೆ "ಈಗ" ಎಂದಾಗ ಕಾಲೆತ್ತಿ ಒಳಗೆ ಹಾಕಬೇಕು. ಕಾಲೆತ್ತಲಾಗದವರನ್ನು ಇಬ್ಬರು ಹೊರುವವರು ಮರದ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು ದೋಣಿಯ ಹಿಂಬದಿಯಲ್ಲಿ, ಮೂಟೆಗಳ ನಡುವೆ ಇಳಿಸುತ್ತಾರೆ.

ಮೂಟೆಗಳ ನಡುವೆ ಕೂರುವವರನ್ನು ಪಟ್ಟಿಯಲ್ಲೂ ಮೂಟೆಗಳ ಜೊತೆ ಬರೆಯುವುದು ನನ್ನದೇ ಉಪಾಯ. ಒಂದು ದೋಣಿಗೆ ಹನ್ನೆರಡು ತಲೆ ಎಂದು ನಿಯಮ. ಹಲಗೆಯ ಮೇಲೆ ಕೂರದವರನ್ನೂ ತಲೆ ಎಂದು ಎಣಿಸಿದರೆ ಹಲಗೆ ಖಾಲಿ ಇದ್ದರೂ ಒಬ್ಬರು ದಡದಲ್ಲೇ ಉಳಿಯಬೇಕು. ಅದಕ್ಕೇ ಅವರು ‘ಸಾಮಾನು’. ಪಟ್ಟಿಯ ಒಂದು ಪ್ರತಿ ದೋಣಿಯಲ್ಲಿ ಹೋಗುತ್ತದೆ, ಆಚೆ ದಡಕ್ಕೆ ಫೋನಿನಲ್ಲಿ ಲೆಕ್ಕ ಮಾತ್ರ ಹೇಳುತ್ತೇನೆ. ಹನ್ನೆರಡು ತಲೆ, ನಾಲ್ಕು ಸಾಮಾನು, ಒಂದು ಕುರ್ಚಿ. ಕುರ್ಚಿ ಎಂದರೆ ಸಾಮಾನಿನಲ್ಲಿ ಒಂದಕ್ಕೆ ಜೀವ ಇದೆ ಎಂದು ಅಲ್ಲಿಯ ಹೊರುವವರಿಗೆ ಗೊತ್ತು.

ಅಕ್ಕ ಇಂದೂ ಕುರ್ಚಿಯಿಂದಲೇ ರೇಗಿಸಿದಳು. "ನಿನ್ನ ಮೂಟೆ ಬಂದಿದೆ, ಬರ್ಕೊಳ್ಳೇ."

ಹೊರುವವರು ನಕ್ಕರು. ನಾನೂ ನಗುತ್ತ ಬರೆದುಕೊಂಡೆ.

ಜನವರಿ 11, ಗುರುವಾರ

ಮಂಚದಿಂದ ಬಚ್ಚಲಿನವರೆಗೆ ಗೋಡೆಗುಂಟ ಅಕ್ಕನಿಗೆಂದು ಕಟ್ಟಿದ್ದ ಹಗ್ಗ ಸಡಿಲವಾಗಿತ್ತು, ಬಿಗಿದೆ. ಅವಳಿಗೆ ಈಗ ಹೊಸ ಹುಚ್ಚು. ಕೋಣೆಯ ನಡುವೆ ಮಣೆ ಅಡ್ಡ ಇಟ್ಟು, ಹಗ್ಗ ಹಿಡಿದು, ತಾನೇ "ಈಗ" ಎಂದು ಹೇಳಿಕೊಂಡು ಎಡಗಾಲನ್ನು ಮಣೆ ದಾಟಿಸುವುದು. ಹತ್ತು ಸಲಕ್ಕೆ ಎರಡು ಸಲ ದಾಟುತ್ತದೆ. ಉಳಿದ ಎಂಟು ಸಲ ಮಣೆ ಹೋಗಿ ಕಪಾಟಿಗೆ ಬಡಿಯುತ್ತದೆ. ಕೆಳಮನೆಯವರು ಏನು ಕುಟ್ಟುತ್ತಿದ್ದೀರಿ ಎಂದು ಕೇಳಿದರು.

ಸಾಕು ಮಾಡು ಎಂದರೆ "ಕುಂಟಿಗೆ ಎಂಟು ಚೇಷ್ಟೆ ಕಣೇ" ಎನ್ನುತ್ತಾಳೆ. ಆಮೇಲೆ ನಗು ಬಿಟ್ಟು ಹೇಳಿದಳು.

"ಒಂದಿನ ನಾನಾಗೇ ದೋಣಿ ಹತ್ತುತೀನಿ. ಅವತ್ತು ನನ್ನ ಹೆಸರು ಬರೀಬೇಕು. ಸಾಮಾನು ಅಂತ ಬರೆದ್ರೆ ಪೆನ್ನು ಕಿತ್ಕೊತೀನಿ."

ಆಗಲಿ ಮಹಾರಾಣಿ ಎಂದೆ. ಇದು ನನ್ನೊಬ್ಬಳಿಗೇ ಎಂದು ಬರೆಯುತ್ತಿದ್ದೇನೆ: ಕೆಲವು ದಿನ ನನಗೆ ಸಾಕಾಗುತ್ತದೆ. ಬೆಳಿಗ್ಗೆ ಅವಳ ಸ್ನಾನ, ಆಮೇಲೆ ಬಂದರಿನ ಚೀಟಿ ಶೆಡ್ಡು, ಸಂಜೆ ಬಂದು ಅವಳ ಕಾಲಿಗೆ ಎಣ್ಣೆ. ಭಾವ ಹೋದ ಮೇಲೆ ಅವಳು ಇಲ್ಲಿಗೆ ಬಂದಾಗ ನನಗೆ ಜೊತೆಯಾಯಿತು ಎಂದು ಕುಣಿದವಳು ನಾನೇ. ಅಮ್ಮ ಇಲ್ಲದ ಮನೆಯಲ್ಲಿ ನನ್ನ ಜಡೆ ಹೆಣೆದವಳು ಅವಳು. ಆದರೂ ಸಾಕಾಗುತ್ತದೆ.

ಜನವರಿ 23, ಮಂಗಳವಾರ

ಸಮುದ್ರ ಒರಟು, ದೋಣಿ ಬಿಡಲಿಲ್ಲ. ಅಲೆ ಎಬ್ಬಿಸಿದವಳು ನಾನೇ ಎನ್ನುವಂತೆ ಅಕ್ಕ ಮುಖ ಊದಿಸಿಕೊಂಡಿದ್ದಾಳೆ. ಮಣೆ ಆರು ಸಲ ದಾಟಿತಂತೆ.

ಜನವರಿ 30, ಮಂಗಳವಾರ

ಅಕ್ಕ ನಡೆದಳು. ಶೆಡ್ಡಿನಲ್ಲಿ ಕೆಲಸ ಬಿಟ್ಟು ಇದನ್ನು ಬರೆಯುತ್ತಿದ್ದೇನೆ, ಯಾರಾದರೂ ಬೈದರೆ ಬೈಯಲಿ.

ಕುರ್ಚಿ ಬೇಡ ಎಂದು ಮರಳಿನ ಅಂಚಿನಲ್ಲೇ ಹಟ ಹಿಡಿದಳು. ಹೊರುವವರು ನನ್ನ ಮುಖ ನೋಡಿದರು, ನಾನು ಉದ್ದಣ್ಣನ ಮುಖ ನೋಡಿದೆ. ಅವನು ತೋಳು ಮುಂದೆ ಚಾಚಿ ನಿಂತ, ಹಿಡಿಯಲಿಲ್ಲ. ನೀರಿನಲ್ಲಿ ಏಳು ಹೆಜ್ಜೆ. ಆರನೆಯದಕ್ಕೆ ತೂರಾಡಿದಳು. ಅವನು "ಈಗ" ಎಂದ, ಕಾಲು ಎದ್ದಿತು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆಚೆಯೂ ಕುರ್ಚಿ ತರಿಸಬೇಡ, ಇಳಿಯುವುದೂ ನಾನೇ ಎಂದು ಅಲ್ಲಿಂದಲೇ ಅಪ್ಪಣೆ ಮಾಡಿದಳು. ಹಾಗೇ ಫೋನಿನಲ್ಲಿ ಕುರ್ಚಿಯ ಮಾತು ಎತ್ತಲಿಲ್ಲ.

ಹೆಸರು ಬರೆದೆಯಾ ಎಂದು ದೋಣಿ ಹೊರಟ ಮೇಲೂ ಕೂಗಿ ಕೇಳಿದಳು. ಕೈ ಎತ್ತಿದೆ.

ಸಂಜೆ ಅವಳಿಗೆ ಇಷ್ಟವಾದದ್ದು ಏನಾದರೂ ಮಾಡಬೇಕು. ಫೋನು ಹೊಡೆದುಕೊಳ್ಳುತ್ತಿದೆ.

ಫೆಬ್ರವರಿ 3, ಶನಿವಾರ

ಎಲ್ಲ ಮುಗಿಸಿ ಬಂದೆವು. ಅಕ್ಕ ಇಲ್ಲ.

ಫೆಬ್ರವರಿ 4, ಭಾನುವಾರ

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಆಚೆ ದಡ ಸೇರುವಾಗ ದೋಣಿ ಅಡ್ಡ ತಿರುಗಿ ಮಗುಚಿತು. ಚುಕ್ಕಾಣಿಯ ಮರ ಉದ್ದಣ್ಣನ ಹಣೆಗೆ ಬಡಿದು ಅವನಿಗೆ ಎಚ್ಚರ ತಪ್ಪಿತು. ಸೊಂಟದುದ್ದ ನೀರು. ದಡದವರು ಓಡಿ ಬಂದು ಒಬ್ಬೊಬ್ಬರನ್ನಾಗಿ ಎಳೆದು ಹಾಕಿ ಎಣಿಸಿದರು. ಹನ್ನೆರಡು ತಲೆ ಎಂದು ನಾನು ಹೇಳಿದ್ದೆ, ಉದ್ದಣ್ಣನನ್ನು ಬಿಟ್ಟು ಹನ್ನೆರಡು ತಲೆ ಸಿಕ್ಕಿತು. ದೋಣಿಯಲ್ಲಿದ್ದವರು ಕುಡಿದ ನೀರು ಕಕ್ಕುತ್ತ ಬಿದ್ದಿದ್ದರು, ಎಲ್ಲರೂ ಬಂದರು ಎಂದು ದಡದವರು ಕೂತು ಉಸಿರು ಬಿಟ್ಟರು. ಕಾಲು ಗಂಟೆಯ ಮೇಲೆ ಉದ್ದಣ್ಣ ಕಣ್ಣು ಬಿಟ್ಟು ಮೊದಲು ಕೇಳಿದ್ದು ಅಕ್ಕ ಎಲ್ಲಿ ಎಂದು. ಆಮೇಲೆ ದೋಣಿ ಎತ್ತಿದರು. ಅದರ ಕೆಳಗೇ ಇದ್ದಳು. ದಡಕ್ಕೆ ಎತ್ತಿ ತಂದವನು ಉದ್ದಣ್ಣನೇ.

ಬೇಗ ಎತ್ತಿದ್ದರೆ ಉಳಿಯುತ್ತಿದ್ದರೋ ಏನೋ ಎಂದರು ಆಸ್ಪತ್ರೆಯ ಡಾಕ್ಟರು. ಅವರು ಒಳ್ಳೆಯವರು, ಏನೋ ಎಂಬುದನ್ನು ಸೇರಿಸಿ ಹೇಳಿದರು.

ಫೆಬ್ರವರಿ 6, ಮಂಗಳವಾರ

ಶೆಡ್ಡಿಗೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನಿದೆ? ದಿನವೂ ನಡೆಯುವ ಮರಳೇ, ಇಂದು ಎರಡು ಕಡೆ ನಿಂತು ಸುಧಾರಿಸಿಕೊಂಡೆ. ಸರಿಯಾಗಿ ಉಂಡಿಲ್ಲ, ಅದಕ್ಕೇ ಇರಬೇಕು. ಬದಲಿ ಚುಕ್ಕಾಣಿಯವನು ಬಂದಿದ್ದಾನೆ. ಇವನ "ಈಗ" ಒಂದು ಗಳಿಗೆ ತಡ, ಜನ ಒದ್ದೆಯಾಗುತ್ತಾರೆ.

ಕೈಕೂಸು ಎತ್ತಿಕೊಂಡ ಬಾಣಂತಿಯನ್ನು ಕುರ್ಚಿಯಲ್ಲಿ ತಂದರು. ಪೆನ್ನು ತಾನಾಗಿ ಸಾಮಾನಿನ ಸಾಲಿಗೆ ಹೋಯಿತು. ಎದ್ದು ಹೊರಗೆ ಹೋದೆ. ಬಂದು ಇಬ್ಬರನ್ನೂ ಹೆಸರಿನ ಸಾಲಿನಲ್ಲಿ ಬರೆದೆ. ಕೂಸಿಗೆ ಇನ್ನೂ ಹೆಸರಿಲ್ಲವಂತೆ, ‘ಕೂಸು’ ಎಂದು ಬರೆದೆ. ಇಬ್ಬರು ದಡದಲ್ಲಿ ಉಳಿದು ನನ್ನನ್ನು ಬೈದು ಹೋದರು.

ಫೆಬ್ರವರಿ 9, ಶುಕ್ರವಾರ

ಕನ್ನಡಕದವರು ಮಾತಾಡಿಸಲು ಬಂದಿದ್ದರು. ಅಂದು ಕೊನೆಯ ಗಳಿಗೆಯಲ್ಲಿ ಓಡಿ ಬಂದು ಹನ್ನೆರಡನೆಯವರಾಗಿ ಹೆಸರು ಬರೆಸಿದ ನಿವೃತ್ತ ಮೇಷ್ಟ್ರು. ಒಡೆದ ಕನ್ನಡಕಕ್ಕೆ ಹೊಸ ಗಾಜು ಹಾಕಿಸಲು ಹೊರಟಿದ್ದರು. ಕೂತ ಕುರ್ಚಿಯ ಅಂಚು ಬಿಟ್ಟು ಹಿಂದಕ್ಕೆ ಸರಿಯಲೇ ಇಲ್ಲ.

"ನಾನು ಕೇಳಿದೆ ಕಣಮ್ಮ," ಎಂದರು. "ಹಿಂದುಗಡೆ ಒಬ್ಬ ಅಮ್ಮ ಕೂತಿದ್ರಲ್ಲ ಅಂತ. ಹನ್ನೆರಡು ಹೇಳಿದಾರೆ, ಹನ್ನೆರಡು ಸಿಕ್ಕಿದಾರೆ, ನಿಮಗೆ ಕನ್ನಡಕ ಬೇರೆ ಇಲ್ಲ ಅಂದ್ರು ದಡದವರು. ನನಗೂ ಹೌದಲ್ಲ ಅನ್ನಿಸ್ತು. ಸುಮ್ಮನಾಗ್ಬಿಟ್ಟೆ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವರು ಪ್ರಮಾಣಿಸಿ ನೋಡಿದ್ದು ನನ್ನ ಲೆಕ್ಕವನ್ನು. ಇಪ್ಪತ್ತಾರು ವರ್ಷದಲ್ಲಿ ಒಂದು ತಲೆಯೂ ಹೆಚ್ಚುಕಮ್ಮಿಯಾಗದ ಲೆಕ್ಕ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಿಮ್ಮ ತಪ್ಪೇನೂ ಇಲ್ಲ ಎಂದು ಅವರನ್ನು ಕಳಿಸಿದೆ. ಬಾಗಿಲವರೆಗೆ ಹೋಗಲು ಗೋಡೆಯ ಹಗ್ಗ ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಇನ್ನು ಯಾರಿಗೆ ಬೇಕು ಈ ಹಗ್ಗ? ನಾಳೆ ಬಿಚ್ಚಬೇಕು.

ಫೆಬ್ರವರಿ 13, ಮಂಗಳವಾರ

ಬಂದರು ಅಧಿಕಾರಿ ಶೆಡ್ಡಿಗೆ ಬಂದು ಪಟ್ಟಿ ಪುಸ್ತಕ ನೋಡಿದರು. ಉದ್ದಣ್ಣನನ್ನೂ ಕರೆಸಿದ್ದರು. ಹಣೆಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದಾನೆ, ಶೆಡ್ಡಿನ ಬಾಗಿಲಿಗೆ ತಲೆ ತಗ್ಗಿಸಿ ಬಂದವನು ಒಳಗೆ ಬಂದ ಮೇಲೂ ತಗ್ಗಿಸಿಯೇ ನಿಂತ.

ಅಧಿಕಾರಿ ಸಾಮಾನು ಏನೇನಿತ್ತು ಎಂದು ಕೇಳಿದರು. ಅವರಿಗೆ ಅದೊಂದು ವಾಡಿಕೆಯ ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಕೈ ಪುಸ್ತಕದ ಮೇಲೆ ಹೋಯಿತು. ಎರಡು ಅಕ್ಕಿ ಮೂಟೆ, ಒಂದು ಟ್ರಂಕು ಎಂದೆ. ನಾಲ್ಕನೆಯದು? ಬಟ್ಟೆ ಗಂಟು ಎಂದೆ.

ಹಾಗಾದರೆ ಪಟ್ಟಿ ಸರಿಯಾಗಿದೆ, ಪಟ್ಟಿಯಲ್ಲಿಲ್ಲದ ಒಬ್ಬರನ್ನು ಯಾರು ಹತ್ತಿಸಿದರು ಎಂದು ಕೇಳಿದರು. ಉದ್ದಣ್ಣ ನನ್ನನ್ನು ನೋಡಿದ. ಬಹಳ ಹೊತ್ತು ಏನೂ ಅಲ್ಲ, ಒಂದು ಅಲೆ ಬಂದು ಹೋಗುವಷ್ಟು ಹೊತ್ತು.

"ನಾನೇ ಹತ್ತಿಸ್ಕೊಂಡೆ ಸಾರ್. ಇವ್ರಿಗೆ ಗೊತ್ತಿರಲಿಲ್ಲ."

ಅವನ ಪರವಾನಗಿ ತೆಗೆದುಕೊಂಡು ಹೋದರು. ವಿಚಾರಣೆ ಮಾರ್ಚ್ ಐದಕ್ಕೆ, ಆಚೆ ದಡದ ಕಚೇರಿಯಲ್ಲಿ. ತಪ್ಪು ಖಾಯಂ ಆದರೆ ಮತ್ತೆ ಚುಕ್ಕಾಣಿ ಮುಟ್ಟುವಂತಿಲ್ಲ. ಅವನಿಗೆ ಬೇರೆ ಕೆಲಸ ಬಾರದು.

ಸಾಮಾನಿನ ಉಪಾಯ ಅವನಿಗೂ ಗೊತ್ತು, ಹೊರುವವರಿಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ. ಅಕ್ಕನನ್ನು ಕಳೆದುಕೊಂಡವಳು ಎಂದು ನನ್ನ ಮೇಲೆ ಕರುಣೆ. ನಾನೂ ಬಾಯಿ ಬಿಡಲಿಲ್ಲ.

ಫೆಬ್ರವರಿ 14, ಬುಧವಾರ

ಬಟ್ಟೆ ಗಂಟು ಎಂದೆ. ನನ್ನ ಅಕ್ಕನನ್ನು.

ಫೆಬ್ರವರಿ 19, ಸೋಮವಾರ

ಶೆಡ್ಡಿನ ಮೂರು ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕಾಯಿತು. ಚಳಿಗೆ ಮಂಡಿ ಹಿಡಿದಿದೆ.

ಸಂಜೆ ಉದ್ದಣ್ಣನ ಮನೆಗೆ ಹೋದೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಅಂಗಳದಲ್ಲಿ ಹಳೆಯ ಹಗ್ಗದ ಎಳೆ ಬಿಚ್ಚುತ್ತ ಕೂತಿದ್ದ. ಏಳಲಿಲ್ಲ. ಅವನ ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದಳು. ನೀನು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಇನ್ನೊಂದು ಎಳೆ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ.

"ದೋಣೀಲಿ ಅಕ್ಕ ಎಲ್ರಿಗೂ ಹೇಳ್ತಾ ಬಂದ್ಲು ಚೀಟಿಯಮ್ಮ. ಇವತ್ತು ನನ್ನ ಹೆಸರು ಪಟ್ಟೀಲಿದೆ, ನನ್ನ ತಂಗಿ ಬರ್ದಿದಾಳೆ ಅಂತ. ಪಟ್ಟಿ ನನ್ನ ಜೇಬಲ್ಲೇ ಇತ್ತು. ತೋರ್ಸು ಅಂದ್ಲು. ಕೈ ಒದ್ದೆ, ದಡ ಮುಟ್ಟಿದ್ಮೇಲೆ ತೋರಿಸ್ತೀನಿ ಅಂದೆ."

ಹಿಂದಿರುಗುವಾಗ ಯಾರದೋ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಕಣ್ಣೀರು ಬರಲಿಲ್ಲ. ಬಂದರೆ ಹಗುರವಾಗುತ್ತದೆ ಎನ್ನುತ್ತಾರೆ, ಅದಕ್ಕೇ ಬರುತ್ತಿಲ್ಲವೇನೋ.

ಫೆಬ್ರವರಿ 22, ಗುರುವಾರ

ಶೆಡ್ಡಿಗೆ ಹೋಗಲಿಲ್ಲ. ಹಗ್ಗ ಹಿಡಿದು ಬಚ್ಚಲಿಗೆ, ಹಗ್ಗ ಹಿಡಿದು ಮಂಚಕ್ಕೆ. ಸದ್ಯ ಹಗ್ಗ ಇರಲಿ.

ಫೆಬ್ರವರಿ 27, ಮಂಗಳವಾರ

ನಾಲ್ಕು ಮಂಗಳವಾರವಾಯಿತು.

ಈ ಪುಸ್ತಕ ನನ್ನೊಬ್ಬಳದೇ ಎಂದು ಶುರುಮಾಡಿದೆ. ಆದರೂ ಇದರಲ್ಲೇ ಸುಳ್ಳು ಬರೆದುಕೊಂಡೆ. ಕೈ ಎತ್ತಿದೆ ಎಂದು ಬರೆದು ಮುಂದಕ್ಕೆ ಹೋದೆನಲ್ಲ, ಆ ಕೈ ಹೇಳಿದ್ದು ಬರೆದೆ ಎಂದು. ನಾನು ಬರೆದಿರಲಿಲ್ಲ.

ಅಂದು ಬೆಳಿಗ್ಗೆಯೇ ಹನ್ನೊಂದು ಹೆಸರಾಗಿತ್ತು. ಅಕ್ಕನನ್ನು ಎಂದಿನಂತೆ ಸಾಮಾನಿನ ಸಾಲಿಗೆ ಸೇರಿಸಿಟ್ಟಿದ್ದೆ. ಆಗ ಮೇಷ್ಟ್ರು ಬಂದರು, ಬನ್ನಿ ಎಂದು ಹನ್ನೆರಡನೆಯದಾಗಿ ಬರೆದೆ. ಆಮೇಲೆ ಅಕ್ಕ ನಡೆದಳು. ಪಟ್ಟಿ ತುಂಬಿತ್ತು. ಅವಳ ಹೆಸರು ಬರೆಯಬೇಕಾದರೆ ಅವರನ್ನು ಇಳಿಸಬೇಕು, ಎರಡು ಪ್ರತಿಯಲ್ಲೂ ಹೊಡೆದು ತಿದ್ದಬೇಕು. ನನ್ನ ಪಟ್ಟಿಯಲ್ಲಿ ಹೊಡೆದ ಗೆರೆ ಇರಬಾರದು. ಹೇಗೂ ಮುಕ್ಕಾಲು ಗಂಟೆಯ ಮಾತು, ಮುಂದಿನ ವಾರ ಬರೆದರಾಯಿತು ಎಂದುಕೊಂಡೆ.

ಕುರ್ಚಿ ಎಂದಿದ್ದರೂ ಅವರು ಹುಡುಕುತ್ತಿದ್ದರು. ನಿಯಮ ಮೀರಿ ಹೆಸರು ಸೇರಿಸಿ ಹದಿಮೂರು ಎಂದಿದ್ದರೂ ಹುಡುಕುತ್ತಿದ್ದರು. ಕುರ್ಚಿ ಬೇಡ ಎಂದಳು, ಅದನ್ನು ಕೇಳಿದೆ. ಹೆಸರು ಬರೆ ಎಂದಳು, ಅದನ್ನು ಕೇಳಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಕೇಳಿದ್ದರಿಂದ ಅವಳು ಎಲ್ಲೂ ಇಲ್ಲದಂತಾದಳು. ದೇವರೇ, ನಾನು ಎಂಥವಳು.

ಮಾರ್ಚ್ 5, ಮಂಗಳವಾರ

ಹೋಗಿ ಹೇಳಿ ಬಂದೆ.

ಹೋಗುವಾಗ ಹೊರುವವರು ಕೇಳದೆಯೇ ಕುರ್ಚಿ ತಂದರು. ನನಗ್ಯಾಕೆ ಕುರ್ಚಿ ಎಂದು ಬೈದು, ಅವರಿಬ್ಬರ ಹೆಗಲು ಹಿಡಿದು ಹೇಗೋ ಹತ್ತಿದೆ. ಉದ್ದಣ್ಣ ಅದೇ ದೋಣಿಯಲ್ಲಿದ್ದ, ಪ್ರಯಾಣಿಕನಾಗಿ, ಮುಂದಿನ ಹಲಗೆಯಲ್ಲಿ. ಕೈ ಎಲ್ಲಿಡಬೇಕೆಂದು ತಿಳಿಯದವನಂತೆ ಮಡಿಲಲ್ಲಿಟ್ಟುಕೊಂಡಿದ್ದ.

ಕಚೇರಿಯಲ್ಲಿ ಅವನನ್ನು ಕೇಳುವ ಮೊದಲೇ ನಾನು ಎದ್ದು ನಿಂತೆ. ನಾಲ್ಕನೆಯದು ಬಟ್ಟೆ ಗಂಟಲ್ಲ, ನನ್ನ ಅಕ್ಕ ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಉಪಾಯ ನನ್ನದು, ಇಪ್ಪತ್ತು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ, ಇವನು ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ, ಎಲ್ಲ ಹೇಳಿದೆ. ಅಧಿಕಾರಿ ಪೆನ್ನು ಕೆಳಗಿಟ್ಟರು. ಇದರಿಂದ ನಿಮಗೇನು ಸಿಗುತ್ತಿತ್ತು ಎಂದು ಕೇಳಿದರು. ಒಬ್ಬರು ಹೆಚ್ಚಿಗೆ ಹೋಗಬಹುದಿತ್ತು ಎಂದೆ. ಅವರಿಗೆ ಅದು ಉತ್ತರ ಎನ್ನಿಸಲಿಲ್ಲ. ನನಗೂ ಇಂದು ಅನ್ನಿಸಲಿಲ್ಲ.

ಹೇಳಿಕೆಗೆ ಸಹಿ ಹಾಕಿದೆ. ಆದೇಶ ಬರುವವರೆಗೆ ಶೆಡ್ಡಿನ ಕಡೆ ಹೋಗಬೇಡಿ ಎಂದರು. ಉದ್ದಣ್ಣನಿಗೆ ಪರವಾನಗಿ ವಾಪಸು ಕೊಟ್ಟರು. ಅದನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡ, ನನ್ನ ಕಡೆ ತಿರುಗಲಿಲ್ಲ. ಬರುವಾಗಲೂ ಒಂದೇ ದೋಣಿ. ಮುಕ್ಕಾಲು ಗಂಟೆ ಅವನ ಬೆನ್ನು ನೋಡುತ್ತ ಬಂದೆ. ಅವನು ನನ್ನನ್ನು ಕ್ಷಮಿಸಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದು ಮಾತು ಆಡಬಾರದೇ ಎಂದು ಆಸೆ.

ನಮ್ಮ ದಡ ಬಂತು. ಎಲ್ಲರೂ ಇಳಿದರು. ಬದಲಿಯವನು "ಈಗ" ಎಂದ. ಕಾಲು ಏಳಲಿಲ್ಲ. ಇನ್ನೊಂದು ಅಲೆ ಬಿಟ್ಟು ಮತ್ತೆ ಅಂದ. ನಾನು ದೋಣಿಯ ಅಂಚು ಹಿಡಿದು ಎಷ್ಟು ಹೇಳಿದರೂ ಎರಡು ಕಾಲೂ ನನ್ನವಲ್ಲ ಎನ್ನುವಂತೆ ಬಿದ್ದಿದ್ದವು. ಹೊರುವವರು ಊಟಕ್ಕೆ ಹೋಗಿದ್ದರು. ಇಳಿದವರು ದಡದಿಂದ ನೋಡುತ್ತಿದ್ದರು, ನಾಚಿಕೆಯಿಂದ ಸತ್ತೇ ಹೋಗಬೇಕು ಎನ್ನಿಸಿತು.

ಮರಳಿನ ಮೇಲೆ ಬಹಳ ದೂರ ಹೋಗಿದ್ದ ಉದ್ದಣ್ಣ ತಿರುಗಿ ನೋಡಿದ. ಚಪ್ಪಲಿ ಕಳಚಿಟ್ಟು ನೀರಿಗೆ ಬಂದ. ಏನೂ ಕೇಳದೆ ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲ ಕೆಳಗೆ ಹಾಕಿ ನನ್ನನ್ನು ಎತ್ತಿಕೊಂಡ. ಐವತ್ತಾರು ವರ್ಷದ ನಾನು ಅವನ ಕುತ್ತಿಗೆ ಹಿಡಿದುಕೊಂಡೆ. ನಾಲ್ಕು ಹೆಜ್ಜೆ ನಡೆದು ಒಂದು ಅಲೆ ದಾಟಲಿ ಎಂದು ನಿಂತ.

"ಅಕ್ಕ ಇಷ್ಟು ಭಾರ ಇರ್ಲಿಲ್ಲ," ಎಂದ.

ಒಣ ಮರಳಿನ ಮೇಲೆ ನನ್ನನ್ನು ಕೂರಿಸಿ ಚಪ್ಪಲಿ ಹಾಕಿಕೊಂಡು ಹೋದ. ನಾನು ಅಲ್ಲೇ ಕೂತು, ನೋಡುವವರು ನೋಡಲಿ ಎಂದು, ಬಾಯಿ ಬಿಟ್ಟು ಅತ್ತೆ.